ಕೆಸರಿನ ನಟ್ಟನಡುವೆ

ಹೊಲಿಗೆಯ ಹುಡುಗಿ ಸೂಜಿಗೆ ಆ ಗುಡ್ಡದ ನೆತ್ತಿ ಚಿಕ್ಕಂದಿನಿಂದ ಪರಿಚಯ, ಆದರೆ ಭೇಟಿಯಾಗಿರಲಿಲ್ಲ. ಅಣ್ಣನ ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಗಾಡಿಗಳ ಸೀಟಿಗೆ ಕವರು ಹೊಲಿಯುತ್ತ ಕೂತರೆ ಕಿಟಕಿಯಲ್ಲಿ ಅದು ಕಾಣುತ್ತಿತ್ತು: ಬೆಳಿಗ್ಗೆ ನೀಲಿ, ಮಧ್ಯಾಹ್ನ ಬೋಳು, ಸಂಜೆ ಯಾರೋ ಒರಗಿ ಎದ್ದುಹೋದ ದಿಂಬಿನ ಹಾಗೆ. ಊರಿನವರೆಲ್ಲ ನಡೆದು ಹತ್ತಿ ಬಂದವರೇ. ಅವಳ ಎಡಗಾಲು ಮೊದಲಿನಿಂದಲೂ ಹೇಳಿದ ಮಾತು ಕೇಳದ ಕಾಲು. ಬಲಗಾಲು ಅದರ ಸಹವಾಸದಲ್ಲಿ ಕೆಟ್ಟದ್ದು. ಊರುಗೋಲು ಹಿಡಿದು ಬೀದಿಯ ತುದಿವರೆಗೆ ಹೋಗಬಹುದು, ಗುಡ್ಡಕ್ಕಲ್ಲ.

ಹಾಗಾಗಿ ಅಣ್ಣ ಕ್ಲಚ್ಚು ತುಳಿಯುವ ಕೆಲಸವಿಲ್ಲದ ಹಳೇ ಜೀಪೊಂದಕ್ಕೆ, ಕಾಲಿನ ಕೆಲಸ ಕೈಗೆ ಬರಲೆಂದು, ಸ್ಟೇರಿಂಗ್ ಪಕ್ಕ ಹಿಡಿಕೆ ಕೂರಿಸಿಕೊಟ್ಟ. ಎಳೆದರೆ ಓಡುತ್ತದೆ, ತಳ್ಳಿದರೆ ನಿಲ್ಲುತ್ತದೆ. ಲೈಸೆನ್ಸೂ ಸಿಕ್ಕಿತು. ಆಮೇಲೆ ಸೂಜಿಯನ್ನು ಹಿಡಿಯುವವರೇ ಇಲ್ಲ.

ಡ್ರೈವಿಂಗ್ ಶಾಲೆಯ ಮೇಷ್ಟ್ರು ಭಾನುವಾರಗಳಂದು ಕಲ್ಲು, ಕೆಸರು, ತೊರೆ ಅಂತ ಗಾಡಿ ಓಡಿಸುವ ಗುಂಪೊಂದನ್ನು ಕಟ್ಟಿದ್ದರು. ಅದರಲ್ಲಿ ಒಬ್ಬ ನರ್ಸಮ್ಮ ಇದ್ದರು, ಮೈತುಂಬ ಹಿಟ್ಟಿನ ವಾಸನೆಯ ಬೇಕರಿಯವನಿದ್ದ, ಈಗ ಸೂಜಿಯೂ ಸೇರಿದ್ದಳು. ಯಾರು ಬೇಕಾದರೂ ಬರಬಹುದು ಎನ್ನುವುದು ಮೇಷ್ಟ್ರ ಹೆಮ್ಮೆ. ತೊಂದರೆ ಇದ್ದದ್ದು ಗುಡ್ಡದ ದಾರಿಯದು. ಅದು ಹಾದುಹೋಗುವುದು ಹಸು ಸಾಕಿ ಊರಿಗೆಲ್ಲ ಹಾಲು ಹಾಕುವ ಹಾಲಿನವರ ಹುಲ್ಲುಗಾವಲಿನೊಳಗೆ. ಹಿಂದಿನ ವರ್ಷ ಬೇರೆ ಯಾವುದೋ ಗುಂಪು ಬಂದು, ಕೆಸರಿನ ಗುಂಡಿ ಕಂಡಾಗ ಅದನ್ನು ಬಳಸಿಕೊಂಡು ಹುಲ್ಲಿನ ಮೇಲೆ ಹೋಗಿತ್ತು. ಹಿಂದೆ ಬಂದವರು ಇನ್ನೂ ಆಚೆಯಿಂದ, ಅವರ ಹಿಂದಿನವರು ಮತ್ತೂ ಆಚೆಯಿಂದ. ಒಂದು ಗಾಡಿಯಗಲದ ದಾರಿ ಆಟದ ಮೈದಾನದಷ್ಟಾಯಿತು. ಹಾಲಿನವರು ಗೇಟಿಗೆ ಬೀಗ ಜಡಿದರು.

ಮೇಷ್ಟ್ರು ಅವರ ಜಗಲಿಯಲ್ಲಿ ಕೂತು ಗಂಟಲು ಹರಿಯುವಷ್ಟು ಮಾತಾಡಿ ಒಂದೇ ಒಂದು ಅವಕಾಶ ಗಿಟ್ಟಿಸಿದ್ದರು. "ಬನ್ನಿ, ನೋಡೋಣ," ಅಂದಿದ್ದರು ಹಾಲಿನವರು. "ಒಂದು ಚಕ್ರ ಹುಲ್ಲಿನ ಮೇಲೆ ಹೋಯ್ತೋ, ಗೇಟು ಮುಚ್ಚಿದ್ದು ಮುಚ್ಚಿದ್ದೇ."

ಮುಚ್ಚಿದರೆ ಉಳಿದವರಿಗೆ ನಷ್ಟವೇನಿಲ್ಲ, ನಡೆದು ಹತ್ತುತ್ತಾರೆ. ಗುಡ್ಡ ಪೂರ್ತಿಯಾಗಿ ಮುಚ್ಚಿಹೋಗುವುದು ಸೂಜಿಯೊಬ್ಬಳಿಗೆ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಎಲ್ಲರೂ ಅಯ್ಯೋ ಪಾಪ ಅಂದುಬಿಡುತ್ತಿದ್ದರು, ಅದು ಅವಳಿಗೆ ಕೆಸರಿಗಿಂತ ಕಷ್ಟ.

ಆ ಭಾನುವಾರ ಬೆಳಿಗ್ಗೆ ಗೇಟಿನ ಬಳಿ ನಾಲ್ಕು ಜೀಪುಗಳು ಸಾಲಾಗಿ ನಿಂತವು. ಸೂಜಿಯ ಪಕ್ಕದ ಸೀಟಿನಲ್ಲಿ ಅತ್ತಿಗೆ, ತಲೆಗೆ ಬಟ್ಟೆ ಬಿಗಿದುಕೊಂಡು, ಯುದ್ಧಕ್ಕೆ ಹೊರಟವಳ ಹಾಗೆ. ಕೆಸರಿಗೆ ಇಳಿಯುವ ಮುಂಚೆ ಟೈರಿನ ಗಾಳಿ ಇಳಿಸಬೇಕು. ಆಗ ಟೈರು ಅಗಲವಾಗಿ ನೆಲವನ್ನು ತಬ್ಬಿಕೊಳ್ಳುತ್ತದೆ. ಸೂಜಿ ಊರುಗೋಲಿಗೆ ಕೈ ಹಾಕಿದಳು.

"ನೀನು ಕೂತ್ಕೊಳ್ಳಮ್ಮ, ನಾವಿಲ್ವಾ," ಅಂದರು ಮೇಷ್ಟ್ರು.

"ಅಲ್ಲಾಡ್ಬೇಡಿ ಅಕ್ಕ, ನಾವು ನೋಡ್ಕೋತೀವಿ," ಅಂದ ಬೇಕರಿಯವನು.

ನರ್ಸಮ್ಮ ಬಂದು ಅವಳ ಭುಜ ತಟ್ಟಿ, ನೀರಿನ ಬಾಟಲಿ ಕೊಟ್ಟು ಹೋದರು. ಸುತ್ತ ಎಲ್ಲ ಕಡೆ ಗಾಳಿ ಬುಸುಗುಡುತ್ತಿತ್ತು. ಇಷ್ಟು ಅಕ್ಕರೆಯ ನಡುವೆ ಎದ್ದು ಇಳಿದರೆ ಜಗಳ ತೆಗೆದಂತಾಗುತ್ತದೆ ಎಂದು ಸೂಜಿ ಸುಮ್ಮನಾದಳು.

ಎಲ್ಲರಿಗಿಂತ ಮುಂದೆ ಅವಳನ್ನೇ ಬಿಟ್ಟರು. ಹಿಂದೆ ಹೋದರೆ ಕೆಸರು ಕಲಸಿಹೋಗಿರುತ್ತದೆ ಎಂಬ ಕಾಳಜಿ. ಹುಲ್ಲು ಇಬ್ಬನಿಯಲ್ಲಿ ಮಿನುಗುತ್ತಿತ್ತು, ಅದರ ಮಧ್ಯೆ ದಾರಿ ಬೈತಲೆಯ ಹಾಗೆ ನೆಟ್ಟಗೆ ಹೋಗಿತ್ತು. ಸೂಜಿ ದಾರಿಯ ಅಂಚಿನ ಮೇಲಿಂದ ಕಣ್ಣು ತೆಗೆಯದೆ ಓಡಿಸಿದಳು. ತಿರುವು ದಾಟಿದರೆ ಎದುರಿಗೇ ಕೆಸರಿನ ಗುಂಡಿ. ಅದರ ಪಕ್ಕದ ಬಂಡೆಯ ಮೇಲೆ ರಬ್ಬರ್ ಬೂಟು ತೊಟ್ಟ ಹಾಲಿನವರು, ಕೈಕಟ್ಟಿಕೊಂಡು.

ವಾಕಿಟಾಕಿ ಕರಕರ ಅಂದಿತು. ಮೇಷ್ಟ್ರು. "ಸೂಜಿ, ನೀನು ಬೇಕಾದ್ರೆ ಎಡಗಡೆ ಸ್ವಲ್ಪ ಹುಲ್ಲಿನ ಮೇಲೆ ಹತ್ತಿಸ್ಕೊಂಡು ಹೋಗಿಬಿಡಮ್ಮ. ಅವರಿಗೆ ನಾನು ಹೇಳ್ತೀನಿ. ನಿನ್ನ ವಿಷಯ ಅಂದ್ರೆ ಅರ್ಥ ಮಾಡ್ಕೋತಾರೆ."

ಅತ್ತಿಗೆ ಬಂಡೆಯ ಕಡೆ ಕಣ್ಣು ಹಾಯಿಸಿದಳು. "ಅರ್ಥ ಮಾಡ್ಕೊಳ್ಳೋ ಮುಖಾನೇನೇ ಅದು? ಅಲ್ನೋಡು, ಹಸು ಕೂಡ ಹೆದರ್ಕೊಂಡು ನಿಂತಿದೆ."

"ನನಗೇನು ಬೇರೆ ದಾರಿ ಬೇಡ ಮೇಷ್ಟ್ರೇ," ಅಂದಳು ಸೂಜಿ, ಹಿಡಿಕೆ ಎಳೆದಳು.

ಜೀಪು ಕೆಸರಿಗೆ ಇಳಿಯಿತು. ಮೊದಲ ಕ್ಷಣ ಆಹಾ ಎನಿಸಿತು. ಎರಡೂ ಬದಿಗೆ ಕಂದು ನೀರು ರೆಕ್ಕೆ ಬಿಚ್ಚಿತು, ಅತ್ತಿಗೆ ಅರ್ಧ ಕಿರುಚಿ ಅರ್ಧ ನಕ್ಕಳು. ಮರುಕ್ಷಣ ಮುಂದಿನ ಚಕ್ರಗಳು ಸುಮ್ಮನೆ ಸುತ್ತತೊಡಗಿದವು. ಹಿಂದಿನವೂ ಅದೇ ಪಾಠ ಒಪ್ಪಿಸಿದವು. ಎಂಜಿನ್ ಕೂಗಿತು, ಜೀಪು ಕದಲಲಿಲ್ಲ.

ಸೂಜಿ ಕನ್ನಡಿ ನೋಡಿದಳು. ಮೇಷ್ಟ್ರ ಜೀಪು ಸಾಲು ಬಿಟ್ಟು ಎಡಕ್ಕೆ ತಿರುಗುತ್ತಿತ್ತು. ಬಳಸಿಕೊಂಡು ಮುಂದೆ ಬಂದು ಅವಳನ್ನು ಎಳೆಯುವ ಆತುರ. ಇಷ್ಟು ದಿನ ಎಲ್ಲರಿಗೂ ಹುಲ್ಲು ಹುಲ್ಲು ಎಂದು ಪಾಠ ಹೇಳಿದ ಮನುಷ್ಯನಿಗೆ ಅವಳು ಸಿಕ್ಕಿಕೊಂಡದ್ದು ಕಂಡದ್ದೇ ಹುಲ್ಲು ಮರೆತುಹೋಗಿತ್ತು.

"ಮೇಷ್ಟ್ರೇ, ನಿಲ್ಲಿಸಿ. ನಿಲ್ಸಿ ಅಂದೆ," ಸೂಜಿ ವಾಕಿಟಾಕಿಗೆ ಕೂಗಿದಳು.

ತಮ್ಮ ವಿದ್ಯಾರ್ಥಿಗಳು ಯಾರೂ ಬಳಸದ ಆ ದನಿಗೆ ಮೇಷ್ಟ್ರ ಕಾಲು ತಾನಾಗಿ ಬ್ರೇಕಿನ ಮೇಲೆ ಬಿತ್ತು. ಚಕ್ರ ಹುಲ್ಲಿಗೆ ಒಂದು ಗೇಣು ಈಚೆ ನಿಂತಿತು. ಬಂಡೆಯ ಮೇಲೆ ಹಾಲಿನವರು ಕಟ್ಟಿದ ಕೈ ಬಿಚ್ಚಿದ್ದರು.

ಸೂಜಿ ಬಾಗಿಲು ತೆರೆದು ಬಗ್ಗಿದಳು. ಗುಂಡಿ ಅಷ್ಟೇನೂ ಆಳವಿರಲಿಲ್ಲ, ಇಲ್ಲಿ ಸಿಕ್ಕಿಕೊಳ್ಳುವ ಮಾತೇ ಇರಲಿಲ್ಲ. ಟೈರು ನೋಡಿದಳು. ಯಾರೂ ಕೂರದ ಹೊಸ ಸೀಟಿನ ಹಾಗೆ ಬಿರ್ರನೆ ಉಬ್ಬಿ ನಿಂತಿತ್ತು. ಗಾಳಿ ಇಳಿದ ಟೈರು ಹೀಗಿರುವುದಿಲ್ಲ, ಅದರ ಕೆಳಹೊಟ್ಟೆ ಜೋಲುತ್ತದೆ.

"ನನ್ನ ಗಾಡಿ ಗಾಳಿ ಯಾರು ಇಳಿಸಿದ್ದು?"

ವಾಕಿಟಾಕಿ ಕರಕರ ಅಂದಿತು.

"ಬೇಕರಿಯವ್ರು ಇಳಿಸಿದ್ರಲ್ವಾ?" ಅಂದರು ನರ್ಸಮ್ಮ.

"ನಾನೆಲ್ಲಿ? ಮೇಷ್ಟ್ರು ಅಂದ್ಕೊಂಡೆ."

"ನಾನು..." ಅಂದರು ಮೇಷ್ಟ್ರು. "ನಾನು ನರ್ಸಮ್ಮ ಅಂದ್ಕೊಂಡಿದ್ದೆ."

ಅತ್ತಿಗೆ ಡ್ಯಾಶ್‌ಬೋರ್ಡಿಗೆ ಹಣೆ ಒತ್ತಿ ನಗತೊಡಗಿದಳು. "ಮೂರು ಜನ ಸೇರಿ ನಿನ್ನ ನೋಡ್ಕೊಂಡಿದ್ದು ನೋಡು. ಪುಣ್ಯಕ್ಕೆ ನನ್ನ ಮಕ್ಕಳನ್ನ ಇವರ ಕೈಗೆ ಕೊಡ್ಲಿಲ್ಲ, ಕೊಟ್ಟಿದ್ರೆ ಉಪವಾಸ ಸಾಯ್ತಿದ್ವು."

ಸೂಜಿಗೆ ಸಿಟ್ಟು ಬರಬೇಕಿತ್ತು, ಆದರೆ ಅದರ ಬದಲು ಒಂದು ಹುರುಪು ಮೈಯೆಲ್ಲ ಹರಿಯಿತು. ತಪ್ಪು ಅವಳ ಕೈಯದಲ್ಲ, ಹಿಡಿಕೆಯದಲ್ಲ, ಕಾಲಿನದಂತೂ ಅಲ್ಲವೇ ಅಲ್ಲ. ಬರೀ ಗಾಳಿ.

"ಬಂದ ದಾರೀಲೇ ಹಿಂದಕ್ಕೆ ಎಳೀರಿ," ಅಂದಳು. "ಆಮೇಲೆ ಯಾರೂ ಹತ್ರ ಬರ್ಬೇಡಿ."

ಎರಡು ಜೀಪಿನ ನಡುವೆ ಎಳೆಯುವ ಪಟ್ಟಿ ಬಿಗಿದು ಮೇಷ್ಟ್ರು ನೇರ ಹಿಂದಕ್ಕೆ ಎಳೆದರು. ಜೀಪು ಪಚಕ್ಕನೆ ಒಣನೆಲಕ್ಕೆ ಬಂತು. ಸೂಜಿ ಊರುಗೋಲು ಊರಿ ಇಳಿದಳು, ರಬ್ಬರ್ ಚಾಪೆ ಹಾಸಿಕೊಂಡು ನೆಲದ ಮೇಲೆ ಕೂತು ಮೊದಲ ಟೈರಿನ ಮುಚ್ಚಳ ತಿರುಗಿಸಿ ತೆಗೆದು ಒಳಗಿನ ಪಿನ್ನು ಒತ್ತಿದಳು. ಗಾಳಿ ಹೊರಟಿತು. ಒಂದು ಮುಗಿದ ಮೇಲೆ ಚಾಪೆಯ ಸಮೇತ ಜರುಗಿ ಇನ್ನೊಂದಕ್ಕೆ. ಹೊತ್ತು ಹಿಡಿಯಿತು. ಮೇಷ್ಟ್ರ ಕೈ ಎರಡು ಸಲ ಮುಂದೆ ಬಂತು. ಎರಡನೇ ಸಲ ಅವರೇ ಅದನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ತಪ್ಪಾಯ್ತಮ್ಮ," ಅಂದರು. "ಕೇಳ್ಬೇಕಿತ್ತು."

"ಈಗ ಕೇಳಿ."

"ಸಹಾಯ ಬೇಕಾ?"

"ಬೇಡ. ಆ ಟಾರ್ಚ್ ಮಾತ್ರ ಇತ್ತ ಹಿಡೀರಿ, ಒಳಗಡೆ ಕಾಣಲ್ಲ."

ಮೇಷ್ಟ್ರು ಮಂಡಿಯೂರಿ ಟಾರ್ಚ್ ಹಿಡಿದರು.

ಎರಡನೇ ಸಲ ಇಳಿದಾಗ ಕೆಸರು ಬೇರೆಯೇ ಆಗಿತ್ತು. ಟೈರು ಅದನ್ನು ಅಗಿಯುತ್ತ ಹೋಯಿತು. ಸೂಜಿ ಹಿಡಿಕೆಯನ್ನು ಹೊಲಿಗೆ ಯಂತ್ರದ ವೇಗ ಹದ ಮಾಡುವಂತೆ ಹದ ಮಾಡಿದಳು: ಜಾಸ್ತಿಯೂ ಅಲ್ಲ, ನಿಲ್ಲಲೂ ಬಾರದು. ಬಾನೆಟ್ ತೊಯ್ದಾಡಿತು, ಗಾಜಿನ ಮೇಲೆ ಕೆಸರು ರಪ್ಪೆಂದಿತು, ಮಧ್ಯದಲ್ಲಿ ಒಮ್ಮೆ ಜೀಪು ಉಸಿರು ಕಟ್ಟಿ ನಿಂತ ಹಾಗಾಯಿತು. "ಹೋಗೇ, ಹೋಗೇ ನಮ್ಮವ್ವ," ಅಂದಳು ಅತ್ತಿಗೆ, ಗಾಡಿಗೋ ನಾದಿನಿಗೋ. ಚಕ್ರಗಳು ಕಚ್ಚಿದವು, ಮುಂಭಾಗ ಎದ್ದಿತು, ಆಚೆ ದಡ.

ಉಳಿದ ಮೂರು ಜೀಪುಗಳೂ ಅವಳ ಜಾಡಿನಲ್ಲೇ ದಾಟಿದ ಮೇಲೆ ಹಾಲಿನವರು ಬಂಡೆಯಿಂದಿಳಿದು ಗುಂಡಿಯ ಎರಡೂ ಅಂಚಿನಲ್ಲಿ ಬಗ್ಗಿ ಬಗ್ಗಿ ನೋಡಿಕೊಂಡು ನಡೆದರು. ಹುಲ್ಲು ಇದ್ದ ಹಾಗೇ ಇತ್ತು.

"ಮುಂದಿನ ವಾರ..." ಎಂದು ಮೇಷ್ಟ್ರು ರಾಗ ಎಳೆದರು.

"ಬನ್ನಿ. ಮಳೆ ಬಿದ್ದ ಮಾರನೇ ದಿನ ಮಾತ್ರ ಬೇಡ." ಹಾಲಿನವರು ಸೂಜಿಯತ್ತ ಗಲ್ಲ ಎತ್ತಿದರು. "ಇವಳನ್ನ ಮುಂದೆ ಬಿಡಿ. ನಿಮ್ಮನ್ನಲ್ಲ. ನಿಮ್ಮ ಚಕ್ರ ಎಲ್ಲಿಗೆ ತಿರುಗಿತ್ತು ಅಂತ ನೋಡಿದೀನಿ ನಾನು."

ಮೇಷ್ಟ್ರ ಮುಖ ಕೆಂಪಾಯಿತು. ಅತ್ತಿಗೆಗೆ ಮತ್ತೆ ನಗು.

ಕೊನೆಯ ಏರು ಎಷ್ಟು ಕಡಿದಾಗಿತ್ತೆಂದರೆ ಗಾಜಿನಲ್ಲಿ ಆಕಾಶ ಬಿಟ್ಟು ಏನೂ ಇರಲಿಲ್ಲ. ಆಮೇಲೆ ಬಾನೆಟ್ ತಗ್ಗಿತು, ಆಕಾಶ ಸರಿಯಿತು, ಲೋಕ ನಾಲ್ಕೂ ಕಡೆಗೆ ಬಿದ್ದುಕೊಂಡಿತ್ತು. ಸೂಜಿ ಎಂಜಿನ್ ಆರಿಸಲೂ ಮರೆತಳು.

"ಹೇಗಿದೆಯೇ?" ಅತ್ತಿಗೆ ಮೆಲ್ಲಗೆ ಕೇಳಿದಳು.

ಸೂಜಿ ಬೆರಳು ಚಾಚಿದಳು. ಆಚೆ ಇನ್ನೊಂದು ಗುಡ್ಡವಿತ್ತು. ಕಿಟಕಿಗೆ ಈವರೆಗೆ ಕಾಣದೇ ಇದ್ದದ್ದು, ಇದಕ್ಕಿಂತ ಎತ್ತರದ್ದು, ಸೊಂಟದಲ್ಲಿ ತೆಳ್ಳಗೆ ಒಂದು ದಾರಿ ಸುತ್ತಿಕೊಂಡದ್ದು.

"ಆ ದಾರಿ ಯಾರ ಜಮೀನಲ್ಲಿ ಹೋಗುತ್ತೆ ಅಂತ ಮೇಷ್ಟ್ರನ್ನ ಕೇಳತ್ತಿಗೆ," ಅಂದಳು. "ಬೇಗ ಕೇಳು."