ಅಭಿಗಾರವಿಲ್ಲದ ಎಲೆ

“ಮನೇಲಿ ತುಪ್ಪ, ಬೆಣ್ಣೆ ಸ್ವಲ್ಪ ಜಾಸ್ತೀನಾ?”

ಡಾಕ್ಟರ್ ಕೇದಾರ್ ರಕ್ತದ ವರದಿಯಿಂದ ತಲೆಯೆತ್ತದೆ ಕೇಳಿದರು. ಸರಸಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪಕ್ಕದಲ್ಲಿದ್ದ ಮಗಳು ಗೌತಮಿಯೇ ಉತ್ತರ ಕೊಟ್ಟಳು: “ನಮ್ಮನೇಲಿ ತುಪ್ಪಾನೇ ಇಲ್ಲ ಸರ್. ಅದರ ರುಚಿ ಹೇಗಿರುತ್ತೆ ಅಂತ ನನಗೆ ಮರೆತೇ ಹೋಗಿದೆ.”

ಹುಡುಗಿ ಸುಳ್ಳು ಹೇಳಿರಲಿಲ್ಲ. ಅವಳಪ್ಪ ತಿರುನಾರಾಯಣ ಹೊಳೆನರಸೀಪುರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಮೂವತ್ತಾರರ ಪ್ರಾಯದಲ್ಲಿ, ಮಧ್ಯಾಹ್ನ ಊಟಕ್ಕೆ ಬಂದವನು ಎಲೆಯ ಮುಂದೆಯೇ ಎದೆ ಹಿಡಿದುಕೊಂಡು ಒರಗಿದವನು ಮತ್ತೆ ಏಳಲಿಲ್ಲ. ಸರಸ ಆಗಷ್ಟೇ ಅನ್ನದ ಮೇಲೆ ಅಭಿಗಾರದ ತುಪ್ಪ ಹಾಕಿದ್ದಳು. ಆ ತುಪ್ಪ ಬೀಳದೆ ಅನ್ನ ಶುದ್ಧವಾಗುವುದಿಲ್ಲ ಎನ್ನುವ ಮನೆ ಅದು. ಶಾಸ್ತ್ರಕ್ಕೆ ಒಂದು ತೊಟ್ಟು ಸಾಕು. ಆದರೆ ಗಂಡನಿಗೆ ತುಪ್ಪವೆಂದರೆ ಪ್ರಾಣ, ಹೆಂಡತಿಗೆ ಹಾಕುವುದೆಂದರೆ ಸಂಭ್ರಮ. ಹದಿಮೂರನೆಯ ದಿನ ಅತ್ತೆ ನೆಂಟರೆದುರೇ ಅಂದರು: “ತುಪ್ಪ ಸುರಿದೂ ಸುರಿದೂ ನನ್ನ ಮಗನ್ನ ಕೊಂದ್ಲು.” ನಾದಿನಿ ಹಂಸ ಕಂಬಕ್ಕೊರಗಿ ನಿಂತಿದ್ದಳು. ಬಾಯಿಬಿಡಲಿಲ್ಲ.

ಅತ್ತೆಯ ಮಾತಿಗಿಂತ ಕೆಟ್ಟದ್ದೆಂದರೆ, ಸರಸ ಅದನ್ನು ನಂಬಿಬಿಟ್ಟಳು. ಗಂಡನ ಕೆಲಸ ಅನುಕಂಪದ ಮೇಲೆ ಸಿಕ್ಕಿ ಹಾಸನಕ್ಕೆ ಬಂದವಳು ಅಡುಗೆಮನೆಗೆ ತುಪ್ಪ ತರಲೇ ಇಲ್ಲ. ಅಭಿಗಾರವೂ ನಿಂತಿತು. ಬೇರೆಯವರ ಮನೆಯ ಮದುವೆ ಮುಂಜಿಗಳಲ್ಲಿ ತುಪ್ಪ ಬಡಿಸುವವರು ಬಂದರೆ ಪುಟ್ಟ ಗೌತಮಿ ಎಲೆಗೆ ಕೈ ಅಡ್ಡ ಹಿಡಿಯುತ್ತಿದ್ದಳು. ‘ಇದೇನು ಮಡಿಯೋ!’ ಎಂದು ಜನ ನಗುತ್ತಿದ್ದರು. ಸರಸ ನಗುತ್ತಿರಲಿಲ್ಲ. ಬರಬರುತ್ತ ಕರೆಯುವವರೂ ಕಡಿಮೆಯಾದರು. ಮಗಳೊಬ್ಬಳನ್ನು ಉಳಿಸಿಕೊಂಡರೆ ಸಾಕೆಂದು ಅವಳೂ ಸುಮ್ಮನಾದಳು.

ಈಗ ಆ ಮಗಳಿಗೆ ಹದಿನೇಳು, ಕಡ್ಡಿಯಂಥ ಹುಡುಗಿ. ಕಣ್ಣಿನ ರೆಪ್ಪೆಗಳ ಮೇಲೆ, ಮೂಗಿನ ಕಡೆಗೆ, ಹಳದಿ ಕಲೆಗಳು ಎದ್ದಿದ್ದವು. ಚರ್ಮದ ಮುಲಾಮಿಗೆಂದು ಬಂದವರನ್ನು ಡಾಕ್ಟರು ರಕ್ತಪರೀಕ್ಷೆಗೆ ಕಳಿಸಿದ್ದರು.

“ಹಾಗಾದ್ರೆ ಇದು ಊಟದ್ದಲ್ಲ,” ಎಂದು ಅವರು ಕನ್ನಡಕ ತೆಗೆದಿಟ್ಟರು. “ಕೊಲೆಸ್ಟರಾಲ್ ರಕ್ತದಲ್ಲಿ ತಾನಾಗಿ ಕರಗಲ್ಲ ಅಮ್ಮ. ಪ್ರೋಟೀನ್ ಹೊದಿಸಿದ ಸಣ್ಣ ಮೂಟೆಗಳಾಗಿ ಓಡಾಡುತ್ತೆ. ಲಿಪೊಪ್ರೋಟೀನ್ ಅಂತೀವಿ. ಅದನ್ನ ಹಿಡಿದು ವಾಪಸ್ ಎಳ್ಕೊಳ್ಳೋದು ಲಿವರ್ ಕೆಲಸ. ಇವಳ ಲಿವರ್‌ಗೆ ಹಿಡಿಯೋ ಶಕ್ತಿ ಹುಟ್ಟಿನಿಂದಲೇ ಅರ್ಧ. ಮಿಕ್ಕಿದ್ದು ರಕ್ತನಾಳದ ಗೋಡೆಯೊಳಗೆ ಇಳಿದು ಕೆಡುತ್ತೆ.”

“ಕೆಟ್ಟರೆ?”

“ನಮ್ಮ ಮೈ ಕಾಯೋ ಜೀವಕೋಶಗಳು ಇರ್ತವಲ್ಲ, ರೋಗಾಣು ತಿನ್ನೋವು, ಅವು ಬಂದು ಇದನ್ನೂ ತಿಂತವೆ. ಸಾಕು ಅನ್ನೋದು ಅವಕ್ಕೆ ಗೊತ್ತಿಲ್ಲ. ತಿಂದೂ ತಿಂದೂ ನೊರೆ ತುಂಬಿಕೊಂಡ ಹಾಗೆ ಉಬ್ಬಿ ಅಲ್ಲೇ ಬಿದ್ದಿರ್ತವೆ. ನಾಳ ಕಟ್ಟೋದು ಹಾಗೇ ಶುರುವಾಗೋದು. ಈ ಹಳದಿ ಕಲೇಲಿ ಇರೋದೂ ಅವೇ.”

“ಕಾಯೋಕೆ ಬಂದವೇ?” ಎಂದಳು ಸರಸ.

“ಕಾಯೋಕೆ ಬಂದವೇ. ಇದಕ್ಕೆ ಮಾತ್ರೆ ಇದೆ, ಜೀವನಪೂರ್ತಿ ತಗೋಬೇಕು. ಬೇಗ ಗೊತ್ತಾಗಿದ್ದು ಒಳ್ಳೇದಾಯ್ತು. ಇದು ವಂಶದಲ್ಲಿ ಬರೋದು. ಇವಳ ತಂದೆ?”

ಸರಸ ಹೇಳಿದಳು. ಡಾಕ್ಟರು ಮೆಲ್ಲಗೆ ತಲೆಯಾಡಿಸಿದರು. “ತುಪ್ಪ ಬಿಟ್ಟಿದ್ರೂ ಅವರಿಗೆ ಇದು ಇರ್ತಿತ್ತು. ಅವರ ಕಡೆ ಒಡಹುಟ್ಟಿದೋರು ಇದ್ರೆ ರಕ್ತ ಪರೀಕ್ಷೆ ಮಾಡ್ಸೋಕೆ ಹೇಳಿ.”

ಹೊರಗೆ ಬೆಂಚಿನ ಮೇಲೆ ಕೂತಾಗ ಸರಸಳ ಎದೆ ಹಗುರಾಗಿತ್ತು. ನಾನಲ್ಲ, ನಾನು ಕೊಲ್ಲಲಿಲ್ಲ. ಮರುಕ್ಷಣವೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಮಗಳ ರಕ್ತ ಕೆಟ್ಟಿದೆ ಎಂದು ಕೇಳಿ ಹಗುರಾಗುವ ತಾಯಿ ಎಲ್ಲಾದರೂ ಇದ್ದಾಳೆಯೇ? ಹೇಳಿಕೊಳ್ಳಲು ಒಂದು ನರಪಿಳ್ಳೆಯೂ ಇರಲಿಲ್ಲ. ಅತ್ತೆ ಕಣ್ಣು ಮುಚ್ಚಿ ವರ್ಷಗಳಾಗಿದ್ದವು.

ಪಕ್ಕದಲ್ಲಿ ದುದ್ದದ ಪುಟ್ಟಲಕ್ಷ್ಮಮ್ಮ ಎಂಬಾಕೆ ಗಂಡ, ಸೊಸೆ, ಮೈದುನರನ್ನೆಲ್ಲ ಕಟ್ಟಿಕೊಂಡು ಕೂತಿದ್ದಳು. “ಜೊತೇಗೆ ಯಾರೂ ಬಂದಿಲ್ವಾ ಕಣವ್ವ?” ಎಂದಳು.

“ಇಲ್ಲ.”

“ನಮ್ ಕಡೆ ಒಂದ್ ಸೂಜಿ ಚುಚ್ಚುಸ್ಕಂಡ್ರೂ ಊರೇ ಎದ್ದು ಬತ್ತದೆ. ಆಸ್ಪತ್ರೇಗೆ ಒಂಟೀಲಿ ಓಗ್ಬಾರ್ದು ಕಣವ್ವ,” ಎಂದು ಆಕೆ ಬುಟ್ಟಿಯಿಂದ ಒಂದು ಬಾಳೆಹಣ್ಣು ತೆಗೆದು ಗೌತಮಿಗೆ ಕೊಟ್ಟಳು.

ನಾದಿನಿ ಹಂಸಳ ಕಣ್ಣ ರೆಪ್ಪೆಯ ಮೇಲೂ ಅದೇ ಹಳದಿ ಕಲೆ ಇತ್ತು. ಅವಳ ಮದುವೆಯ ದಿನ ಅದನ್ನು ಕಂಡು ‘ಹೊನ್ನ ಬಣ್ಣದ ಹುಡುಗಿ’ ಎಂದು ಹಾಡಿಹೊಗಳಿದ್ದರು. ಈಗ ಅರಕಲಗೂಡಿನಲ್ಲಿದ್ದಾಳೆ, ಮೇಷ್ಟರ ಹೆಂಡತಿ. ತಾನಾಗಿ ತಿಳಿದಾಗ ತಿಳಿಯಲಿ, ನನಗೇನು ಎಂಬ ಯೋಚನೆ ಬಂದು ಹೋಗದೆ ಇರಲಿಲ್ಲ. ಅದು ಒಂದು ಗಳಿಗೆ ಕೂತೇ ಹೋಯಿತು. ಆಮೇಲೆ ಸರಸ ಎದ್ದು, ಮಗಳನ್ನು ಅಲ್ಲೇ ಬಿಟ್ಟು, ಆಸ್ಪತ್ರೆ ಎದುರಿನ ಎಸ್‌ಟಿಡಿ ಬೂತಿಗೆ ಹೋಗಿ, ಚೀಲದ ಹಳೆಯ ಪುಸ್ತಕದಲ್ಲಿದ್ದ ಹಂಸಳ ನಂಬರು ಒತ್ತಿದಳು. ತನಗೇ ನಂಬಿಕೆಯಿಲ್ಲದಿದ್ದರೂ ಹೇಳಬೇಕಾದ ಮಾತನ್ನು ಹನ್ನೆರಡು ವರ್ಷ ಮನಸ್ಸಿನಲ್ಲೇ ತಿದ್ದಿ ತೀಡಿ ಇಟ್ಟುಕೊಂಡಿದ್ದಳು: ನಿಮ್ಮಣ್ಣನನ್ನು ಕೊಂದದ್ದು ನಾನಲ್ಲ.

“ಹಲೋ?”

“ಹಂಸ, ನಾನು. ಸರಸ.”

“ಅತ್ತಿಗೆ? ಗೌತಮಿ ಹುಷಾರಾಗಿದಾಳಾ?”

ಆ ದನಿಯಲ್ಲಿದ್ದ ಹೆದರಿಕೆ ಕೇಳಿ ಸರಸಳಿಗೆ ತಿದ್ದಿಟ್ಟುಕೊಂಡಿದ್ದ ಮಾತು ಬೇಡವೆನಿಸಿತು. ಡಾಕ್ಟರು ಹೇಳಿದ್ದನ್ನೆಲ್ಲ ಒಂದೊಂದಾಗಿ ಹೇಳಿದಳು. “ನಿನಗೂ ಇರಬಹುದು. ಮಾತ್ರೆ ತಗೊಂಡ್ರೆ ಭಯವಿಲ್ಲವಂತೆ. ಖಾಲಿ ಹೊಟ್ಟೇಲಿ ರಕ್ತ ಕೊಡಬೇಕು. ಹಿಂದಿನ ಸಂಜೇನೇ ಬಂದುಬಿಡು, ನಮ್ಮಲ್ಲೇ ಇರು.”

“ಅಂದ್ರೆ ಅಣ್ಣಂಗೂ ಇದೇನಾ?”

“ಇದೇ ಅಂತಾರೆ.”

“ಮತ್ತೆ ಅಮ್ಮ ಅವತ್ತು ನಿಮಗೆ...” ಎಂದು ಹಂಸ ನಿಲ್ಲಿಸಿದಳು. ಸರಸ ಕಾದಳು.

“ಬರ್ತೀನಿ ಅತ್ತಿಗೆ,” ಎಂದಳು ಹಂಸ ಕೊನೆಗೆ. “ನಿಮ್ಮ ಮನೆ ಎಲ್ಲಿ ಅಂತಾನೂ ನಂಗೆ ಗೊತ್ತಿಲ್ಲ.”

ಸರಸ ಹೇಳಲು ಹೊರಟು ತಡವರಿಸಿದಳು. ಆ ಮನೆಗೆ ಬಂದಾಗಿನಿಂದ ಯಾರೂ ಅವಳನ್ನು ದಾರಿ ಕೇಳಿರಲಿಲ್ಲ. ದಿನಾ ನಡೆಯುವ ಬೀದಿಯೇ ಬಾಯಿಗೆ ಬರಲೊಲ್ಲದು. “ಬಸ್ ಸ್ಟ್ಯಾಂಡಲ್ಲಿ ಇಳಿದು ನೇರ ಬಾ. ಒಂದು ಹಿಟ್ಟಿನ ಗಿರಣಿ ಸಿಗುತ್ತೆ. ಅಲ್ಲಿ ಬಲಕ್ಕೆ...” ಎಂದವಳು ಕಣ್ಣು ಮುಚ್ಚಿಕೊಂಡು, ಬೂತಿನ ಗಾಜಿನೊಳಗೆ ಒಬ್ಬಳೇ ನಿಂತು ಕೈಯನ್ನು ಬಲಕ್ಕೆ ಚಾಚಿ ನೋಡಿದಳು, ಎಡಕ್ಕೆ ಚಾಚಿ ನೋಡಿದಳು. “ಅಲ್ಲ, ಇರು ಹಂಸ, ಇರು. ಎಡಕ್ಕೆ.”