ಗಡಿ ಏರುವ ಮುನ್ನಾದಿನ

ಮಲ್ಪೆಯಿಂದ ಮೀನಿನ ಲಾರಿ ಓಡಿಸುತ್ತಿದ್ದ ಲಕ್ಷಿತ್ ಇದ್ದಕ್ಕಿದ್ದಂತೆ ದೊಡ್ಡ ಮನುಷ್ಯನಾಗಿಬಿಟ್ಟ. ಕಾರ್ಕಳದ ಹತ್ತಿರದ ಗುತ್ತಿನ ಮನೆಯಲ್ಲಿ ಅವನ ಸೋದರಮಾವ ತೀರಿಕೊಂಡಿದ್ದರು. ಗುತ್ತು ಎಂದರೆ ಹಿಂದೆ ಊರಾಳಿದ ಮನೆತನ. ಈಗ ಆಳಲು ಊರಿಲ್ಲ, ಗತ್ತಿಗೇನೂ ಕಡಿಮೆಯಿಲ್ಲ. ಆ ಮನೆಯ ಗಡಿ, ಅಂದರೆ ಯಜಮಾನನ ಪಟ್ಟ, ಖಾಲಿ ಬಿಡುವಂತಿಲ್ಲ. ಲಕ್ಷಿತ್‌ನ ತಾಯಿ ಮನೆಯವರ ಮಾತು ಮೀರಿ ಮದುವೆಯಾಗಿ ಕಾಪುವಿಗೆ ಹೋದವರು ಸಾಯುವವರೆಗೂ ಆ ಕಡೆ ತಲೆ ಹಾಕಿರಲಿಲ್ಲ. ಈಗ ಪ್ರಶ್ನೆ ಇಟ್ಟು ನೋಡಿದರೆ ಜೋಯಿಸರ ಬಾಯಲ್ಲಿ ಬಂದದ್ದು ಅವರ ಮಗನ ಹೆಸರೇ.

ಸುದ್ದಿ ಕೇಳಿ ಎಲ್ಲರೂ ಹಿಗ್ಗಿದರು. ಹೆದರಿದವಳು ಶಶಿಕಲಾ ಒಬ್ಬಳೇ.

ಅವಳು ಬಾದಾಮಿ ಕಡೆಯವಳು. ನಿಟ್ಟೆಯಲ್ಲಿ ಹಾಸ್ಟೆಲ್ ಕಟ್ಟುವಾಗ ಅಪ್ಪ ಈಶಪ್ಪನ ಜೊತೆ ಕಾಂಕ್ರೀಟ್ ಹೊತ್ತವಳು. ಈಗ ಮಣಿಪಾಲದಲ್ಲಿ ಅವಳದೇ ಖಾನಾವಳಿ ಇದೆ. ನರ್ಸುಗಳು, ಆಟೋದವರು ರೊಟ್ಟಿಗೆ ಸಾಲು ನಿಲ್ಲುತ್ತಾರೆ. ಮೀನಿಲ್ಲದ್ದು ಊಟವೇ ಅಲ್ಲ ಎನ್ನುತ್ತಿದ್ದ ಲಕ್ಷಿತ್ ಅಲ್ಲಿ ಮೊದಲು ಬದನೆಯ ಎಣಗಾಯಿಗೆ ಸೋತ, ಆಮೇಲೆ ಮಾಡಿದವಳಿಗೆ. ಮದುವೆಯ ಮಾತೂ ಆಗಿತ್ತು. ಪಟ್ಟ ಬಂದರೂ ಎಂತದೂ ಬದಲಾಗುವುದಿಲ್ಲ ಎಂದು ಅವನು ಹೇಳಿದಾಗ, ಪಾಪ, ಒಳ್ಳೆಯತನಕ್ಕೆ ಹೇಳುತ್ತಾನೆ ಎಂದುಕೊಂಡಳು.

ಪಟ್ಟದ ಮುನ್ನಾದಿನ ಬಸ್ಸು ಹತ್ತಿ, ಹಿರಿಯಡ್ಕ ದಾಟಿ, ಗುತ್ತಿನ ಮನೆಗೇ ಬಂದಳು. ಅಂಗಳದಲ್ಲಿ ಚಪ್ಪರ ಹಾಕಿಸುತ್ತಿದ್ದ ಲಕ್ಷಿತ್‌ನ ಕಣ್ಣು ತಪ್ಪಿಸಿ ಬದಿಯ ಬಾಗಿಲಿನಿಂದ ಒಳಗೆ ಹೋದಳು. ಅವನ ದೊಡ್ಡಮ್ಮ ಜಲಜಾಕ್ಷಿ, ಈಗ ಆ ಮನೆಗೆ ಹಿರಿಯರು, ವೀಳ್ಯದೆಲೆ ಒರೆಸಿ ಜೋಡಿಸುತ್ತಿದ್ದರು.

"ಅಮ್ಮಾರ, ಒಂದ ಮಾತು ಹೇಳಿ ಹೋಗಾಕ ಬಂದೇನ್ರಿ," ಎಂದಳು ಶಶಿಕಲಾ. "ನಾನು ಅವರನ್ನ ಬಿಟ್ಟು ಹೋಗ್ತೇನ್ರಿ. ನಮ್ಮ ಕಡೆ ದೇಸಾಯರ ವಾಡೇಕ ಕೂಲಿಯವರ ಮಗಳು ಸೊಸಿಯಾಗಿ ಬಂದ್ರ ವಂಶಾನ ಕೆಡ್ತು ಅಂತಾರ. ನಾಳೆ ನನ್ನ ಹೊಟ್ಟ್ಯಾಗ ಹುಟ್ಟಿದ ಕೂಸು ಈ ಗಡಿ ಮ್ಯಾಲ ಕುಂತ್ರ ಊರು ಸುಮ್ಮನಿರೂದಿಲ್ರಿ."

ಜಲಜಾಕ್ಷಿ ಎಲೆ ಕೆಳಗಿಟ್ಟರು. "ನಿನ್ನ ಕೂಸು ಎಂತಕ್ಕೆ ಕೂತ್ಕೊಳ್ಳುವುದು ಮಾರಾಯ್ತಿ? ಇಷ್ಟು ವರ್ಷ ಇಲ್ಲಿದ್ದೂ ಗೊತ್ತಿಲ್ವಾ? ನಮ್ಮದು ಅಳಿಯಕಟ್ಟು. ಗಡಿ ಹೋಗುವುದು ಸೋದರಮಾವನಿಂದ ಸೋದರಳಿಯನಿಗೆ. ಲಕ್ಷಿತ್‌ಗೆ ಬಂದದ್ದು ನನ್ನ ತಂಗಿಯಿಂದ, ಅವನ ಅಪ್ಪನಿಂದ ಅಲ್ಲ. ಅವನ ನಂತರ ನನ್ನ ಮಗಳ ಮಕ್ಕಳಿಗೆ. ಅವನು ರಾಣಿಯನ್ನೇ ಕಟ್ಟಿಕೊಂಡು ಬಂದರೂ ಅವಳ ಮಕ್ಕಳಿಗೆ ಇಲ್ಲಿ ಊಟ ಉಂಟು, ಗಡಿ ಇಲ್ಲ."

ಬಸ್ಸಿನುದ್ದಕ್ಕೂ ಕಣ್ಣೊರೆಸಿಕೊಳ್ಳುತ್ತ ಬಾಯಿಪಾಠ ಮಾಡಿದ್ದ ತ್ಯಾಗವೆಲ್ಲ ಶಶಿಕಲಾಳಿಗೆ ದಂಡವಾಯಿತು. ಸಿಗದ ಗಡಿಯ ಮೇಲೆ ಹುಟ್ಟದ ಮಗುವನ್ನು ಕೂರಿಸಿ ಅತ್ತವಳು ಲೋಕದಲ್ಲಿ ಅವಳೊಬ್ಬಳೇ ಇರಬೇಕು. ಅವಳಿಗೇ ನಗು ಬಂತು.

"ಆದರೂ ಮಂದಿ ಆಡಿಕೊಳ್ತಾರಲ್ರಿ?"

"ಆಡಲಿ. ನನ್ನ ತಂಗಿಯನ್ನು ಆಡಿಕೊಂಡವರೇ ನಾಳೆ ಅವಳ ಮಗನಿಗೆ ಕೈ ಮುಗಿಯುತ್ತಾರೆ." ಜಲಜಾಕ್ಷಿ ಮತ್ತೊಂದು ಎಲೆ ಕೈಗೆತ್ತಿಕೊಂಡರು. "ನೋಡು ಮಗಾ, ನಾಳೆ ಅವನಿಗೆ ಗಡಿಯ ಹೆಸರು ಇಡುತ್ತಾರೆ. ಮತ್ತೆ ಯಾರೂ ಹಳೆ ಹೆಸರಲ್ಲಿ ಕರೆಯುವಂತಿಲ್ಲ. ನಾನೂ 'ನೀವು' ಅನ್ನಬೇಕು. ಗಡಿ ಏರಿದ್ದ ನನ್ನ ತಮ್ಮ ಮದುವೆಯೂ ಆಗದೆ ಹಾಗೇ ಬದುಕಿದ. ಕೊನೆಗೆ, ಅಕ್ಕಾ, ಒಮ್ಮೆ ಹೆಸರು ಹಿಡಿದು ಕರಿ ಎಂದ. ನನ್ನ ಬಾಯಿಗೆ ಬರಲಿಲ್ಲ."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಹೆಂಡತಿಗೆ ಆ ಕಟ್ಟು ಇಲ್ಲ. ನೀನು ಇವನನ್ನು ಲಕ್ಷಿತ್ ಅಂತಲೇ ಕರಿ. ಅಷ್ಟು ಮಾಡ್ತೀಯಾ?"

ಶಶಿಕಲಾಳ ಊರಿನಲ್ಲಿ ಗಂಡನ ಹೆಸರು ಹೇಳುವ ಹೆಂಗಸಿಲ್ಲ. ಲಕ್ಷಿತ್‌ನನ್ನು ಅವಳು ಇವತ್ತಿನವರೆಗೂ "ರೀ" ಎಂದೇ ಕರೆದಿದ್ದಳು. ಈ ಮನೆಗೆ ತನ್ನಿಂದ ಕೇಡು ಎಂದು ಬಂದವಳಿಗೆ, ತಾನಿಲ್ಲದೆ ಆಗದ ಕೆಲಸವೊಂದು ಇಲ್ಲಿ ಇದೆ ಎಂದು ತಿಳಿದು ಕಣ್ಣು ತುಂಬಿತು. ಬಗ್ಗಿ ಜಲಜಾಕ್ಷಿಯ ಕಾಲು ಮುಟ್ಟಿದಳು. ಋಣ ಎನ್ನುವುದು ಇದಕ್ಕೇ ಇರಬೇಕು ಎನಿಸಿತು.

ಜಗಲಿಗೆ ಬಂದು ನಿಂತಳು.

"ಲಕ್ಷಿತ್," ಎಂದಳು.

ಅಂಗಳದಲ್ಲಿದ್ದವನು ತಿರುಗಿ ಮೊದಲು ದೊಡ್ಡಮ್ಮನನ್ನು ಹುಡುಕಿದ. ಆಮೇಲೆ ಅವಳನ್ನು ಕಂಡ. ಕೈಯಲ್ಲಿದ್ದ ಹಗ್ಗ ಬಿಟ್ಟು ಮೆಟ್ಟಿಲ ಬಳಿಗೆ ಬಂದ.

"ಇನ್ನೊಮ್ಮೆ ಕರಿ," ಎಂದ.

ಅವಳು ಕರೆದಳು.