ಎಡಗಡೆಯ ಡಬ್ಬಿಗಳು

"ಇದು ಸಕ್ಕರೆ ಪುಡಿ. ಕಪ್ ತುಂಬಿ ತಲೆ ಸವರಿ, ಗುಡ್ಡ ಮಾಡ್ಬೇಡಿ," ಎನ್ನುತ್ತ ಮೇಷ್ಟ್ರು ಚಾಕುವಿನ ಬೆನ್ನಿನಿಂದ ಕಪ್ಪಿನ ಬಾಯನ್ನು ಸವರಿ ಬೋಗುಣಿಗೆ ಸುರಿದರು. ಅವರು ಡಬ್ಬಿಯ ಮುಚ್ಚಳ ಹಾಕಿದ್ದೇ ತಡ, ಪಕ್ಕದಲ್ಲಿ ನಿಂತಿದ್ದ ಹೆಂಡತಿಯ ಕೈ ಅದನ್ನು ಮೇಜಿನ ಎಡಗಡೆಗೆ ಸರಿಸಿಬಿಟ್ಟಿತು. ಮೈದಾ ಡಬ್ಬಿ ಆಗಲೇ ಅಲ್ಲಿ ಕೂತಿತ್ತು.

ಬಲಗಡೆ ಇದ್ದದ್ದು ಇನ್ನೂ ಹಾಕಬೇಕಾದ್ದು, ಎಡಗಡೆಗೆ ಹೋದದ್ದು ಹಾಕಿ ಆಯಿತು. ಇಷ್ಟೇ ಏರ್ಪಾಡು. ಇದನ್ನು ಕಂಡುಹಿಡಿದವಳು ಕೇಕಿನ ತಲೆಬುಡ ಗೊತ್ತಿಲ್ಲದ ಆ ಹೆಂಗಸೇ. ಮದುವೆಯಾದಾಗಿನಿಂದ ಗಂಡ ಒಳಗೆ ಊರವರಿಗೆಲ್ಲ ಕೇಕ್ ಕಲಿಸುತ್ತಿದ್ದರೆ ಅವಳು ಹೊರಕೋಣೆಯಲ್ಲಿ ಊರವರ ಪರದೆ ಹೊಲಿಯುತ್ತಿದ್ದಳು. ಮನೆಯಲ್ಲೇ ಮೇಷ್ಟ್ರಿರುವಾಗ ನಾನ್ಯಾಕೆ ಕಲಿಯಲಿ ಎಂಬ ಧಿಮಾಕು. ಆ ಧಿಮಾಕಿಗೆ ಈಗ ತನ್ನ ತಲೆಗೆ ತಾನೇ ಮೊಟಕಿಕೊಳ್ಳುತ್ತಿದ್ದಳು.

ಕಾಯಿಲೆಗೆ ಡಾಕ್ಟರು ಒಂದು ಉದ್ದನೆಯ ಹೆಸರು ಹೇಳಿದ್ದರು. ಮನೆಯಲ್ಲಿ ಅದನ್ನು ಮರೆವು ಎನ್ನುತ್ತಿದ್ದರು, ಅದೂ ಪಿಸುದನಿಯಲ್ಲಿ. ಹಿಂದಿನ ತರಗತಿಯಲ್ಲಿ ಮೇಷ್ಟ್ರು ಉಪ್ಪು ಹಾಕಿದ್ದನ್ನು ಮರೆತು ಮತ್ತೆ ಉಪ್ಪು ಹಾಕಿದ್ದರು. ಕೇಕ್ ಬಾಯಿಗಿಟ್ಟ ಹುಡುಗಿ ಥೂ ಎಂದು ಉಗಿದು, ಆಮೇಲೆ ನಾಚಿಕೊಂಡು ಅತ್ತೇಬಿಟ್ಟಿದ್ದಳು. ಅವತ್ತು ಗೋಡೆಗೆ ಮುಖ ಮಾಡಿ ಮಲಗಿದ ಮನುಷ್ಯ ಊಟಕ್ಕೆ ಬಿಟ್ಟರೆ ಏಳುತ್ತಲೇ ಇರಲಿಲ್ಲ. ಇವತ್ತಿನ ತರಗತಿಗೆ ಅವರನ್ನು ಒಪ್ಪಿಸುವಷ್ಟರಲ್ಲಿ ಅವಳಿಗೆ ಸಾಕುಬೇಕಾಗಿತ್ತು. "ಇದೊಂದು ಸಲ ನೋಡ್ತೀನಿ. ಇವತ್ತೂ ಕೆಟ್ರೆ ಆ ಓವನ್ ಯಾರಿಗಾದ್ರೂ ಕೊಟ್ಟುಬಿಡು. ಮತ್ತೆ ನನ್ನ ಕರೀಬೇಡ," ಎಂದಿದ್ದರು. ಸುಮ್ಮನೆ ಬಾಯಿಮಾತಿಗೆ ಹೇಳುವವರಲ್ಲ ಅವರು.

ಇದು ಸಾಲದು ಎಂಬಂತೆ ಬಾಗಿಲ ಬಳಿಯ ಸ್ಟೂಲಿನಲ್ಲಿ ನಾದಿನಿ ಕೈಕಟ್ಟಿ ಕೂತಿದ್ದಳು. "ಅಣ್ಣನ ಮಾನ ಹರಾಜಿಗಿಡ್ತಿದ್ದೀರಿ ಅತ್ತಿಗೆ. ನಾನೂ ಬರ್ತೀನಿ. ಒಂದೇ ಒಂದು ತಪ್ಪಾಗ್ಲಿ, ಅಲ್ಲೇ ನಿಲ್ಸಿ ಎಲ್ರನ್ನೂ ಕಳಿಸಿಬಿಡ್ತೀನಿ," ಎಂದು ಹೇಳಿಯೇ ಬಂದಿದ್ದಳು. ಕೆಟ್ಟವಳೇನಲ್ಲ. ಅಣ್ಣನೆಂದರೆ ಪ್ರಾಣ ಬಿಡುತ್ತಾಳೆ, ತೊಂದರೆ ಇರುವುದೇ ಅಲ್ಲಿ.

ಕಲಿಯಲು ಬಂದವರು ಮೂವರು. ಬೆಂಕಿಕಡ್ಡಿ ಗೀರಲೂ ಹೆದರುವ ಒಬ್ಬ ಹೊಸ ಮದುವಣಗಿತ್ತಿ. ಮಗಳ ಹುಟ್ಟುಹಬ್ಬಕ್ಕೆ ತಾನೇ ಕೇಕ್ ಮಾಡುತ್ತೇನೆಂದು ಹೆಂಡತಿಯ ಹತ್ತಿರ ಪಂತ ಕಟ್ಟಿದ ಒಬ್ಬ ಬಸ್ ಡ್ರೈವರ್. ಮತ್ತೊಬ್ಬರು ಹಲ್ಲಿನ ಡಾಕ್ಟರಮ್ಮ, ಬಂದೊಡನೆ ಮೂರು ಸಲ ಕೈ ತೊಳೆದು ತನ್ನ ಚಮಚಗಳನ್ನು ಉದ್ದದ ಪ್ರಕಾರ ಜೋಡಿಸಿಟ್ಟುಕೊಂಡವರು. ಮೂವರಿಗೂ ಒಂದೊಂದು ಬೋಗುಣಿ. ಮೇಷ್ಟ್ರು ಮಾಡಿದಂತೆ ಮಾಡುತ್ತ ಹೋಗುವುದು. "ತೀರಾ ಸುಲಭದ ಕೇಕು. ಕೈ ನಡುಗಿದ್ರೂ ಬರುತ್ತೆ," ಎಂದು ಮೇಷ್ಟ್ರು ಅಭಯ ಕೊಟ್ಟಿದ್ದರು.

ಉಪ್ಪು ಬಿತ್ತು. ಡಬ್ಬಿ ಎಡಕ್ಕೆ ಹೋಯಿತು. ಮೇಷ್ಟ್ರ ಮಾತಿಗೆ ಹಳೆಯ ಲಯ ಬರುತ್ತಿತ್ತು. "ಓವನ್ ಈಗ್ಲೇ ಕಾಯೋಕಿಡಿ. ತಣ್ಣಗಿನ ಓವನ್‌ಗೆ ಕೇಕ್ ಇಡೋದು, ನಿದ್ದೆಗಣ್ಣಲ್ಲಿರೋರಿಗೆ ಸಾಲ ಕೇಳೋದು, ಎರಡೂ ಒಂದೇ," ಎಂದರು. ಡ್ರೈವರು ಗಹಗಹಿಸಿ ನಕ್ಕ. ಹೆಂಡತಿಗೆ ಹೋದ ಜೀವ ಬಂದಂತಾಯಿತು. ಸ್ವಿಚ್ ಒತ್ತಿದಳು. ಟಪ್ ಎಂದಿತು. ಲೈಟು, ಫ್ಯಾನು ಎಲ್ಲ ಒಟ್ಟಿಗೆ ಆರಿದವು.

"ಫ್ಯೂಸ್ ಅಷ್ಟೆ, ಬಂದೆ," ಎಂದು ಅವಳು ಹೊರಗೋಡಿದಳು. ಮೆಟ್ಟಿಲ ಕೆಳಗಿನ ಫ್ಯೂಸ್ ಪೆಟ್ಟಿಗೆಯ ಗುಂಡಿ ಕೈಗೆ ಸಿಗದೆ ಸತಾಯಿಸಿತು. ಎತ್ತಿದ್ದು ಮತ್ತೆ ಬಿತ್ತು. ಹಾಳಾದ್ದು ಇವತ್ತೇ ಆಗಬೇಕಿತ್ತೇ ಎಂದು ಬೈದುಕೊಂಡು ಮತ್ತೊಮ್ಮೆ ಎತ್ತಿ, ಲೈಟು ಹತ್ತಿದ್ದು ನೋಡಿ ಏದುಸಿರು ಬಿಡುತ್ತ ವಾಪಸು ಬಂದಳು.

ಬಂದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಡಬ್ಬಿಗಳೆಲ್ಲ ಬಲಗಡೆ ಸಾಲಾಗಿ ನಿಂತಿದ್ದವು. ದೊಡ್ಡದರಿಂದ ಚಿಕ್ಕದಕ್ಕೆ, ಚೀಟಿಗಳು ಮುಂದಕ್ಕೆ ಮುಖ ಮಾಡಿಕೊಂಡು, ಅಂಗಡಿಯಲ್ಲಿ ಇಟ್ಟ ಹಾಗೆ. ಎಡಗಡೆ ಬೋಳು ಮೇಜು. ಡಾಕ್ಟರಮ್ಮ ಕೈ ಒರೆಸಿಕೊಳ್ಳುತ್ತ, "ಹೇಗೂ ಸುಮ್ನೆ ನಿಂತಿದ್ದೆ, ಸ್ವಲ್ಪ ನೀಟ್ ಮಾಡ್ದೆ," ಎಂದು ನಕ್ಕರು.

ಮೇಷ್ಟ್ರ ಕೈಯಲ್ಲಿ ಚಮಚವಿತ್ತು. ಬೇಕಿಂಗ್ ಪೌಡರಿನ ಡಬ್ಬಿ ಬಾಯಿ ತೆರೆದುಕೊಂಡಿತ್ತು. ಬೋಗುಣಿಯಲ್ಲಿ ಎಲ್ಲ ಕಲಸಿಕೊಂಡು ಬರಿಯ ಬಿಳಿ. ಮೈದಾವೂ ಬಿಳಿ, ಸಕ್ಕರೆಯೂ ಬಿಳಿ, ಉಪ್ಪೂ ಬಿಳಿ, ಈ ಹಾಳು ಪೌಡರೂ ಬಿಳಿ. ಅವರು ಚಮಚ ನೋಡಿದರು, ಬೋಗುಣಿ ನೋಡಿದರು, ಕೊನೆಗೆ ಹೆಂಡತಿಯ ಮುಖ ನೋಡಿದರು. ಆ ನೋಟವನ್ನು ಅವಳು ಆಸ್ಪತ್ರೆಯಲ್ಲಿ ನೋಡಿದ್ದಳು. ನೀರಲ್ಲಿ ಕಾಲಿಗೆ ನೆಲ ಸಿಗದವನ ನೋಟ ಅದು. ಅವಳಿಗೂ ಗೊತ್ತಿರಲಿಲ್ಲ. ಅವಳು ಮೆಟ್ಟಿಲ ಕೆಳಗಿದ್ದಳಲ್ಲ!

ಬಾಗಿಲ ಬಳಿ ಸ್ಟೂಲು ಕಿರ್ರೆಂದಿತು.

"ಇಲ್ಲೀವರೆಗೆ ಏನೇನು ಹಾಕಿದ್ದೀವಿ? ಯಾರಾದ್ರೂ ಹೇಳಿ ನೋಡೋಣ," ಎಂದಳು ಹೆಂಡತಿ, ಪಾಠದ ಮಧ್ಯೆ ಪ್ರಶ್ನೆ ಕೇಳುವ ಟೀಚರಿನ ಹಾಗೆ. ಹೇಗೆ ತೋಚಿತೋ ಅವಳಿಗೇ ತಿಳಿಯದು.

"ಮೈದಾ, ಸಕ್ಕರೆ, ಉಪ್ಪು, ಬೇಕಿಂಗ್ ಪೌಡರ್!" ಎಂದ ಡ್ರೈವರ್.

"ಪೌಡರ್ ಇನ್ನೂ ಹಾಕಿಲ್ಲ ಅಲ್ವಾ? ನಾನು ಹಾಕೇ ಇಲ್ಲ," ಎಂದಳು ಮದುವಣಗಿತ್ತಿ, ಅಳು ದನಿಯಲ್ಲಿ.

"ಹಾಕಿದ್ರಲ್ಲಮ್ಮ! ಅವರನ್ನ ನೋಡೇ ನಾನು ಹಾಕಿದ್ದು," ಎಂದ ಡ್ರೈವರ್.

"ನಾನು ಡಬ್ಬಿ ಜೋಡಿಸ್ತಿದ್ದೆ, ನೋಡ್ಲಿಲ್ಲ," ಎಂದರು ಡಾಕ್ಟರಮ್ಮ.

ಮೂವರೂ ಮೇಷ್ಟ್ರ ಕಡೆ ತಿರುಗಿದರು. ನಾದಿನಿ ಎದ್ದು ಬಂದಳು. "ಸಾಕು ಬಿಡಣ್ಣ. ಇವ್ರಿಗೆ ಮೈ ಹುಷಾರಿಲ್ಲ, ದಯವಿಟ್ಟು ಎಲ್ರೂ..."

"ನೀನು ಕೂತ್ಕೋ," ಎಂದಳು ಹೆಂಡತಿ. ಇಷ್ಟು ವರ್ಷದಲ್ಲಿ ನಾದಿನಿಯ ಮೇಲೆ ಅವಳು ದನಿ ಎತ್ತಿದ್ದು ಅದೇ ಮೊದಲು. ಗಂಡ ಈಗ ಚಮಚ ಇಟ್ಟು ಒಳಕೋಣೆಗೆ ನಡೆದುಬಿಡುತ್ತಾರೆ, ಅಲ್ಲಿ ಗೋಡೆ ಕಾಯುತ್ತಿದೆ ಎನ್ನಿಸಿತು ಅವಳಿಗೆ.

ಮೇಷ್ಟ್ರು ಚಮಚವನ್ನೇನೋ ಇಟ್ಟರು. ಆದರೆ ನಡೆಯಲಿಲ್ಲ.

"ನಂಗೆ ಮರೆವಿನ ಕಾಯಿಲೆ," ಎಂದರು. "ಹಾಕಿದ್ದು ಹಾಕಿದ ಮೇಲೆ ನೆನಪಿರಲ್ಲ. ಡಬ್ಬಿಗಳನ್ನ ಇವಳು ಎಡಗಡೆ ಇಡ್ತಿದ್ದದ್ದು ಅದಕ್ಕೇ."

ಡಾಕ್ಟರಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡರು. ಹೆಂಡತಿಗೆ ನೆಲ ಬಿರಿದು ನುಂಗಬಾರದೇ ಎನ್ನಿಸಿತು. ಅದರ ಜೊತೆಗೇ, ಯಾರೋ ಹೆಗಲ ಮೇಲಿನ ಮೂಟೆ ಇಳಿಸಿದಂತೆಯೂ ಆಯಿತು.

"ಗೊತ್ತಿಲ್ದೇ ಇದ್ದಾಗ ಹೀಗ್ ಮಾಡೋದು," ಎಂದು ಮೇಷ್ಟ್ರು ಬೋಗುಣಿಯಿಂದ ಚಿಟಿಕೆ ಹಿಟ್ಟು ತೆಗೆದು ನಾಲಿಗೆಯ ತುದಿಗಿಟ್ಟುಕೊಂಡು ಕಣ್ಣು ಮುಚ್ಚಿದರು. "ಸಕ್ಕರೆ ಇದೆ. ಉಪ್ಪೂ ಇದೆ. ಪೌಡರ್ ಬಿದ್ದಿದ್ರೆ ನಾಲಿಗೆ ಚುರುಗುಟ್ಬೇಕು." ಕಣ್ಣು ಬಿಟ್ಟು ಹೆಂಡತಿಯನ್ನು ನೋಡಿದರು. "ನನ್ನ ನಾಲಿಗೆ ಮೇಲೂ ನಂಗೀಗ ಪೂರ್ತಿ ನಂಬಿಕೆ ಇಲ್ಲ. ನೀನು ನೋಡು."

ಅವಳು ಚಿಟಿಕೆ ಹಿಟ್ಟು ಬಾಯಿಗಿಟ್ಟುಕೊಂಡಳು. ಸಿಹಿ ಬಂತು. ಅದರ ಹಿಂದೆ ಎಲ್ಲೋ ಉಪ್ಪು. ಕಾದಳು. ಇನ್ನೂ ಕಾದಳು.

"ಏನೂ ಚುರುಗುಟ್ಟಲ್ಲ ರೀ."

"ನಂಗೂ ಹಾಗೇ ಅನ್ನಿಸ್ತು," ಎಂದರು ಮೇಷ್ಟ್ರು. ಮುಖ ಒಂಚೂರು ಸಡಿಲವಾಯಿತು. "ಎಲ್ರೂ ನಿಮ್ ನಿಮ್ ಬೋಗುಣಿ ನೋಡ್ಕೊಳ್ಳಿ."

ಮೂವರೂ ಬೆರಳಿಟ್ಟರು. ಮರುಕ್ಷಣ ಡ್ರೈವರು ಮುಖ ಕಿವುಚಿ, "ಅಯ್ಯಯ್ಯೋ! ಬಾಯಲ್ಲಿ ಪಟಾಕಿ ಹೊಡೆದಂಗಾಗ್ತಿದೆ ಮೇಷ್ಟ್ರೇ," ಎಂದ. "ನಾನು ಎರಡು ಸಲ ಹಾಕಿದ್ದೀನಿ ಅನ್ಸುತ್ತೆ. ನಂಗ್ಯಾವ ಕಾಯಿಲೆನೂ ಇಲ್ವಲ್ಲ!"

ಮೊದಲು ಕಿಸಕ್ಕೆಂದವಳು ಮದುವಣಗಿತ್ತಿ. ಆಮೇಲೆ ಮೇಷ್ಟ್ರೇ ನಕ್ಕರು. ಹೆಂಡತಿ ನಗಲು ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಚೆಲ್ಲಿ ಬೇರೆ ಹಿಟ್ಟು ತಗೊಳ್ಳಪ್ಪ. ಬಸ್ಸಲ್ಲಿ ಮಾತ್ರ ಎರಡೆರಡು ಸಲ ಬ್ರೇಕ್ ಹಾಕು," ಎಂದರು ಮೇಷ್ಟ್ರು.

ಡಾಕ್ಟರಮ್ಮ ಮುಂದೆ ಬಂದು ಮೈದಾ ಡಬ್ಬಿಯನ್ನು ಎಡಕ್ಕಿಟ್ಟರು. ಸಕ್ಕರೆಯನ್ನು ಎಡಕ್ಕಿಟ್ಟರು. ಉಪ್ಪನ್ನು ಎಡಕ್ಕಿಟ್ಟು, ಚೀಟಿ ಮೇಷ್ಟ್ರಿಗೆ ಕಾಣುವಂತೆ ತಿರುಗಿಸಿ, ತನ್ನ ಜಾಗಕ್ಕೆ ಹೋಗಿ ನಿಂತರು.

ಮೇಷ್ಟ್ರು ಪೌಡರ್ ಹಾಕಿದರು. ಡಬ್ಬಿ ಎಡಕ್ಕೆ. ಮೊಸರು, ಎಣ್ಣೆ ಒಂದೊಂದಾಗಿ ಎಡಕ್ಕೆ ಹೋದವು. ಬಲಗಡೆ ಎಸೆನ್ಸಿನ ಪುಟ್ಟ ಸೀಸೆಯೊಂದೇ ಉಳಿಯಿತು. ನಾಲ್ಕು ಹನಿ ಬಿಟ್ಟು ಮೇಷ್ಟ್ರು ಮುಚ್ಚಳ ತಿರುಗಿಸಿ, ಮಾತಿನ ಭರದಲ್ಲಿ ಅದನ್ನು ಮತ್ತೆ ಬಲಗಡೆಗೇ ಇಟ್ಟು, ಹಿಟ್ಟು ತಿರುವತೊಡಗಿದರು.

ಕೋಣೆಯಲ್ಲಿದ್ದವರ ಕಣ್ಣೆಲ್ಲ ಆ ಸೀಸೆಯ ಮೇಲೆ ನೆಟ್ಟವು. ಹೆಂಡತಿಯ ಎರಡೂ ಕೈ ಬೆಣ್ಣೆಯಲ್ಲಿದ್ದವು, ಅವಳು ಕೇಕಿನ ಅಚ್ಚಿಗೆ ಬೆಣ್ಣೆ ಸವರುತ್ತಿದ್ದಳು. ಕೈ ಒರೆಸಲು ಬಟ್ಟೆ ಹುಡುಕುವಷ್ಟರಲ್ಲಿ ಅವಳ ಹೆಗಲ ಪಕ್ಕದಿಂದ ಒಂದು ಕೈ ಚಾಚಿತು. ನಾದಿನಿಯ ಕೈ. ಅದು ಸದ್ದಾಗದಂತೆ ಸೀಸೆಯನ್ನೆತ್ತಿ ಎಡಗಡೆಯ ಸಾಲಿನ ಕೊನೆಯಲ್ಲಿಟ್ಟಿತು.

ಮೇಷ್ಟ್ರು ತಿರುವುವುದನ್ನು ನಿಲ್ಲಿಸಿ ಬಲಗಡೆ ನೋಡಿದರು. ಮೇಜು ಖಾಲಿಯಿತ್ತು.

"ಎಲ್ಲಾ ಬಿದ್ದಿದೆ," ಎಂದರು. "ಓವನ್ ಬಾಗಿಲು ತೆಗೀರಿ."